ದಿನದ ಮೊದಲ ಸವಾರಿ

ಶನಿವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು ಹೆಜ್ಜೆಯಿಟ್ಟಾಗಲೆಲ್ಲ ಗಲಗಲ ಸದ್ದಾಗುತ್ತಿತ್ತು. ತಲೆಯ ಮೇಲೆ ಹಳದಿ ಹೆಲ್ಮೆಟ್, ಸೊಂಟಕ್ಕೂ ತೊಡೆಗಳಿಗೂ ಬಿಗಿದ ದಪ್ಪ ಪಟ್ಟಿಗಳು, ಅವುಗಳಿಂದ ಜೋತಾಡುವ ಎರಡು ಕಬ್ಬಿಣದ ಕೊಂಡಿಗಳು. ಬಾಗಿಲಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಒಂದು ಹೆಜ್ಜೆ ಹಿಂದೆ ಸರಿದರು.

"ಕೂತ್ಕೊಳ್ಳಿ" ಎಂದರು ಇನ್‌ಸ್ಪೆಕ್ಟರ್.

"ಕೂರಕ್ಕಾಗಲ್ಲ. ಇದು ಒತ್ತುತ್ತೆ. ಬಿಚ್ಚೋದು ಹೇಗೆ ಅಂತ ನಂಗೆ ಗೊತ್ತಿಲ್ಲ. ಬಿಚ್ಚೋರು ಯಾರೂ ಅಲ್ಲಿರಲಿಲ್ಲ."

"ಯಾರ ಮೇಲೆ ದೂರು?"

"ಯಾರ ಮೇಲೆ ಅಂತ ಹೇಳಲಿ? ನಮ್ಮವರು ತಂತಿ ಮೇಲೆ ಹೋದರು, ಆ ಕಡೆ ಕಂಬಕ್ಕೆ ಹೊಡೆದರು."

"ತಂತಿ ಮೇಲೆ ಎಫ್‌ಐಆರ್ ಹಾಕಕ್ಕಾಗಲ್ಲಮ್ಮ. ಮೊದಲಿಂದ ಹೇಳಿ."

ಆಕೆ ನಿಂತೇ ಹೇಳಿದಳು. ಗಂಡ ಹೈಸ್ಕೂಲಿನ ಗಣಿತದ ಮೇಷ್ಟ್ರು. ಎರಡು ದಿನ ರಜೆ ಸಿಕ್ಕಿತ್ತು. ಬೆಟ್ಟದಾಚೆ ಕಾಡಂಚಿನಲ್ಲಿರುವ ಸಾಹಸದ ಲಾಡ್ಜಿಗೆ ನಿನ್ನೆ ಸಂಜೆ ಬಂದಿದ್ದರು. ಇವತ್ತು ಬೆಳಿಗ್ಗೆ ತಿಂಡಿಗೂ ಮೊದಲೇ ಕಣಿವೆಯ ಮೇಲೆ ಜಿಪ್‌ಲೈನ್ ಸವಾರಿ. ಮೇಷ್ಟ್ರು ಮೊದಲು ಹೋದರು. ಆ ಕಡೆ ನಿಲ್ಲಿಸಬೇಕಾದ ಬ್ರೇಕ್ ನಿಲ್ಲಿಸಲಿಲ್ಲ. ತೊಡೆಯ ಮೂಳೆ ಮುರಿದಿದೆ, ಎರಡು ಪಕ್ಕೆಲುಬು ಹೋಗಿವೆ. ಈಗ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ನಡೆಯುತ್ತಿದೆ.

"ಅವರಿಗೆ ಇಷ್ಟವಿರಲಿಲ್ಲ ಸಾರ್. ಲಾಡ್ಜಿನ ವರಾಂಡದಲ್ಲಿ ಕೂತು ಪೇಪರ್ ಓದ್ತೀನಿ ಅಂದಿದ್ರು. ನಾನೇ, ಇಷ್ಟು ದೂರ ಪೇಪರ್ ಓದಕ್ಕೆ ಬಂದ್ರಾ ಅಂದೆ."

"ಆಸ್ಪತ್ರೇಲಿ ಅವರ ಜೊತೆ ಯಾರಿದಾರೆ?"

"ಲಾಡ್ಜಲ್ಲಿ ಹಾಸಿಗೆ ಬಟ್ಟೆ ನೋಡ್ಕೊಳ್ಳೋ ಒಬ್ಬ ಅಮ್ಮ. ಜೀಪಲ್ಲಿ ದಾರಿಯುದ್ದಕ್ಕೂ ಅವರ ಕಾಲು ಅಲ್ಲಾಡದ ಹಾಗೆ ಹಿಡ್ಕೊಂಡು ಬಂದರು. ಅವರಿಲ್ಲದಿದ್ರೆ ನಾನು ಏನು ಮಾಡ್ತಿದ್ನೋ. ಉಳಿದವರೆಲ್ಲ ವಿಡಿಯೋ ತೆಗೀತಿದ್ರು."

ದೂರನ್ನು ಬರೆದುಕೊಂಡರು. ಮಾನವಜೀವಕ್ಕೆ ಅಪಾಯ ತರುವ ನಿರ್ಲಕ್ಷ್ಯವೆಂದು ಲಾಡ್ಜಿನ ಮಾಲೀಕ ಮತ್ತು ಇತರರ ಮೇಲೆ ಎಫ್‌ಐಆರ್ ದಾಖಲಾಯಿತು. ಪಟ್ಟಿಗಳನ್ನು ಸಾಕ್ಷ್ಯವಾಗಿ ವಶಪಡಿಸಿಕೊಳ್ಳಬೇಕಿತ್ತು. ಅವುಗಳನ್ನು ಬಿಚ್ಚಲು ಮಹಿಳಾ ಕಾನ್‌ಸ್ಟೇಬಲ್ಲಿಗೆ ಎಫ್‌ಐಆರ್ ಬರೆದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. "ಮಕ್ಕಳ ಶೂ ಲೇಸು ಇದಕ್ಕಿಂತ ವಾಸಿ" ಎಂದು ಗೊಣಗುತ್ತ ಕೊನೆಯ ಕೊಂಡಿ ಕಳಚಿದಾಗ ಆ ಹೆಂಗಸು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಇನ್‌ಸ್ಪೆಕ್ಟರ್ ಇಬ್ಬರು ಕಾನ್‌ಸ್ಟೇಬಲ್ಲರನ್ನೂ ಕರೆದುಕೊಂಡು ಲಾಡ್ಜಿಗೆ ಹೊರಟರು. ಊರು ದಾಟಿದ ಮೇಲೆ ರಸ್ತೆ ಹೆಸರಿಗೆ ಮಾತ್ರ ಇತ್ತು. ಪ್ರತಿ ತಿರುವಿನಲ್ಲೂ ಮರಕ್ಕೆ ಹೊಡೆದ ಹಸಿರು ಬೋರ್ಡು: ಇನ್ನು ಸ್ವಲ್ಪವೇ ದೂರ.

"ಇದೇ ಬೋರ್ಡು ಆಗಲೇ ಮೂರು ಸಲ ಬಂತು ಸಾರ್" ಎಂದರು ಹೆಡ್ ಕಾನ್‌ಸ್ಟೇಬಲ್, ಜೀಪಿನ ಸರಳು ಹಿಡಿದುಕೊಂಡು.

"ಸಾಹಸ ಇಲ್ಲಿಂದಲೇ ಶುರು ಅಂತ ಕಾಣುತ್ತೆ. ಗಟ್ಟಿಯಾಗಿ ಹಿಡ್ಕೊಳ್ಳಿ."

ಲಾಡ್ಜು ತಲುಪಿದಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಮರದ ಹಲಗೆಯ ಸಾಲು ಕೋಣೆಗಳು, ತಗಡಿನ ಚಾವಣಿಯ ಊಟದ ಮನೆ, ದಂಡೆಯಲ್ಲಿ ದೋಣಿಗಳನ್ನು ಮಗುಚಿಟ್ಟ ಒಂದು ಕೆರೆ. ಇವೆಲ್ಲದರ ಹಿಂದೆ ಕಣಿವೆಯ ಅಂಚಿಗೆ ಕಬ್ಬಿಣದ ಗೋಪುರ. ಅದರ ತುದಿಯಿಂದ ಹೊರಟ ತಂತಿ ಕಣಿವೆ ದಾಟಿ ಆ ಕಡೆಯ ಮರಗಳಲ್ಲಿ ಮಾಯವಾಗಿತ್ತು. ಜೀಪಿನಿಂದ ಇಳಿಯುವ ಮೊದಲೇ ಅತಿಥಿಗಳು ಮುತ್ತಿಕೊಂಡರು. ಒಂದೇ ಕಚೇರಿಯಿಂದ ಬಂದ ಗುಂಪು. ಎಲ್ಲರ ಅಂಗಿಯ ಮೇಲೂ ಒಂದೇ ಚಿತ್ರ.

"ಸಾರ್, ಮಧ್ಯಾಹ್ನದ ದೋಣಿ ಸವಾರಿ ಇದೆಯೋ ಇಲ್ಲವೋ?"

"ನಾನು ಪೊಲೀಸ್."

"ಅದಕ್ಕೇ ಕೇಳಿದ್ದು. ಇಲ್ಲಿ ಯಾರೂ ಸರಿಯಾಗಿ ಹೇಳ್ತಿಲ್ಲ."

ಮಾಲೀಕ ಓಡಿಬಂದ. ಮೊಣಕಾಲಿನವರೆಗಿನ ಚಡ್ಡಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದಗಳು. ಗೋಪುರ ಹತ್ತುವ ಎಲ್ಲರೂ ತಮ್ಮ ಜವಾಬ್ದಾರಿಯ ಮೇಲೆ ಹತ್ತುತ್ತೇವೆಂದು ಸಹಿ ಹಾಕಬೇಕಂತೆ.

"ನಾವು ಪಂಚನಾಮೆಗೆ ಹತ್ತೋದು ಕಣಪ್ಪ."

"ಯಾರೇ ಆಗಲಿ ಸಾರ್. ಸುರಕ್ಷತೆ ವಿಷಯದಲ್ಲಿ ನಾವು ತುಂಬಾ ಕಟ್ಟುನಿಟ್ಟು."

ಇನ್‌ಸ್ಪೆಕ್ಟರ್ ಅವನನ್ನು ಒಂದು ಕ್ಷಣ ನೋಡಿದರು. "ಬೆಳಿಗ್ಗೆ ಎಲ್ಲಿ ಹೋಗಿತ್ತು ಆ ಕಟ್ಟುನಿಟ್ಟು?"

ಪಂಚರಾಗಲು ಇಬ್ಬರು ಬೇಕಿತ್ತು. ಕಚೇರಿಯ ಗುಂಪಿನಲ್ಲಿ ಒಬ್ಬೊಬ್ಬರೂ ಪಕ್ಕದವರನ್ನು ತೋರಿಸಿದರು. "ನಾವು ರಜಾದಲ್ಲಿದೀವಿ ಸಾರ್" ಎಂದ ಒಬ್ಬ.

"ನಾನೂ ರಜಾ ಕೇಳಿದ್ದೆ. ಮಂಜೂರಾಗಲಿಲ್ಲ. ಬನ್ನಿ."

ಕೊನೆಗೆ ಅವನೂ ಲಾಡ್ಜಿನ ಅಡುಗೆಯವನೂ ಪಂಚರಾದರು. ಹೆಡ್ ಕಾನ್‌ಸ್ಟೇಬಲ್ಲರಿಗೆ ಎತ್ತರವೆಂದರೆ ಆಗದು. ಅವರು ಮೇಲೆ ಹೋಗಿ ನಡುವಿನ ಕಂಬವನ್ನು ಎಡಗೈಯಲ್ಲಿ ಅಪ್ಪಿಕೊಂಡು, ಕಣ್ಣನ್ನು ಕಾಗದದಿಂದ ಎತ್ತದೆ ಪಂಚನಾಮೆ ಬರೆದರು. ತಂತಿ ಸರಿಯಿದೆ. ತಂತಿಯ ಮೇಲೆ ಉರುಳುವ ರಾಟೆ ಸರಿಯಿದೆ. ಹಗ್ಗ, ಕೊಂಡಿ ಎಲ್ಲ ಸರಿಯಿದೆ. ಇನ್‌ಸ್ಪೆಕ್ಟರ್ ದುರ್ಬೀನಿನಲ್ಲಿ ಆ ಕಡೆ ನೋಡಿದರು. ಹಳೆಯ ಟೈರು ಕಟ್ಟಿದ ಕಂಬ ಕಾಣಿಸಿತು. ಅದರ ಮುಂದೆ ತಂತಿ ಬೋಳಾಗಿತ್ತು.

"ಬ್ರೇಕ್ ಎಲ್ಲಿ?"

"ಅಲ್ಲೇ ಇರಬೇಕಲ್ಲ" ಎಂದ ಮಾಲೀಕ.

"ಇರಬೇಕು ಸರಿ. ಇದೆಯಾ?"

ಮಾಲೀಕ ಸೀಟಿಯನ್ನು ಬೆರಳಲ್ಲಿ ತಿರುಗಿಸಿದ. "ಅದೆಲ್ಲ ಆ ಹುಡುಗಿ ಕೆಲಸ ಸಾರ್. ತರಬೇತಿ ಕೊಡೋ ಹುಡುಗಿ. ಎಲ್ಲರೂ ಅವಳನ್ನ ಅಳಿಲು ಅಂತಾರೆ. ಬ್ರೇಕ್ ಹಾಕೋದು, ತೆಗೆಯೋದು, ಜನಾನ ಬಿಡೋದು ಎಲ್ಲಾ ಅವಳೇ. ಬೆಳಿಗ್ಗೆ ಮೇಷ್ಟ್ರನ್ನ ಬಿಟ್ಟಿದ್ದೂ ಅವಳೇ. ನಾನು ಆಗ ಊಟದ ಮನೇಲಿದ್ದೆ. ಅವಳ ಮೇಲೆ ಕ್ರಮ ತಗೊಳ್ಳಿ. ನಾನೇ ಸಾಕ್ಷಿ ಹೇಳ್ತೀನಿ."

"ಊಟದ ಮನೇಲಿದ್ದೋರು ಏನು ಸಾಕ್ಷಿ ಹೇಳ್ತೀರಿ?"

ಕೆಳಗಿಳಿದು ಊಟದ ಮನೆಯ ಉದ್ದನೆಯ ಮೇಜಿನ ಮುಂದೆ ಕೂತು ಹೇಳಿಕೆ ಪಡೆಯತೊಡಗಿದರು. ಅತಿಥಿಗಳು ಹನ್ನೆರಡು ಮಂದಿ, ಹೇಳಿಕೆಯೂ ಹನ್ನೆರಡು ಬಗೆ. ಒಬ್ಬಳು ಮೇಷ್ಟ್ರು ತಾವೇ ಹಾರಿದರೆಂದಳು. ಇನ್ನೊಬ್ಬ ತಂತಿ ಕಡಿದದ್ದನ್ನು ಕಣ್ಣಾರೆ ಕಂಡೆನೆಂದ. ತಂತಿ ಕಿಟಕಿಯಿಂದ ಹೊರಗೆ ನೆಟ್ಟಗೆ ಕಾಣಿಸುತ್ತಿತ್ತು. ಅದನ್ನು ತೋರಿಸಿದರೆ, "ಹಾಗಾದರೆ ಶಬ್ದ ಕೇಳಿದೆ" ಎಂದ. ಇನ್‌ಸ್ಪೆಕ್ಟರರ ತಲೆ ಚಿಟ್ಟು ಹಿಡಿಯಿತು.

"ಎಲ್ಲಾರೂ ಫೋನು ಮೇಜಿನ ಮೇಲಿಡಿ. ಮಾತು ಸಾಕು, ವಿಡಿಯೋ ತೋರಿಸಿ."

ವಿಡಿಯೋಗಳು ಸುಳ್ಳು ಹೇಳಲಿಲ್ಲ. ಗೋಪುರದ ಮೇಲೆ ಮೇಷ್ಟ್ರು ಕಂಬ ಹಿಡಿದು ನಿಂತಿದ್ದಾರೆ. ಕೊಂಡಿ ಸಿಕ್ಕಿಸುತ್ತಿರುವುದು ಕೊರಳಲ್ಲಿ ಸೀಟಿಯಿರುವ ಮಾಲೀಕ. ಕಣಿವೆಯ ಆ ಕಡೆ ಹಸಿರು ಬಾವುಟ ಮೇಲೇರುತ್ತದೆ. "ಮೇಷ್ಟ್ರೇ, ಮಕ್ಕಳು ನೋಡಿದ್ರೆ ನಗ್ತಾರೆ" ಎನ್ನುತ್ತ ಮಾಲೀಕ ಎರಡೂ ಕೈಯಿಂದ ಅವರ ಬೆನ್ನು ದಬ್ಬುತ್ತಾನೆ. ಅಳಿಲು ಎಲ್ಲೂ ಇಲ್ಲ.

ಇನ್‌ಸ್ಪೆಕ್ಟರ್ ಅದನ್ನು ಮಾಲೀಕನಿಗೆ ಎರಡು ಸಲ ತೋರಿಸಿದರು.

"ಊಟದ ಮನೆ ಇಷ್ಟು ಎತ್ತರದಲ್ಲಿದೆಯಾ?"

ಮಾಲೀಕ ಫೋನನ್ನು ಮೆಲ್ಲಗೆ ಆಚೆ ಸರಿಸಿದ. "ಜನ ಗಲಾಟೆ ಮಾಡ್ತಿದ್ರು ಸಾರ್. ಅವಳು ಎಲ್ಲೋ ಹೋಗಿಬಿಟ್ಟಿದ್ದಳು. ಬ್ರೇಕ್ ಅಲ್ಲೇ ಇರುತ್ತೆ ಅಂದ್ಕೊಂಡೆ. ಹಸಿರು ಬಾವುಟ ಬೇರೆ ಬಂತು."

"ನಿಮ್ಮ ತಂತಿಗೆ ಬ್ರೇಕ್ ಯಾವಾಗ ಹಾಕ್ತಾರೆ, ಹೇಗೆ ಹಾಕ್ತಾರೆ ಅಂತ ನಿಮಗೇ ಗೊತ್ತಿಲ್ಲ."

"ಅದು ತಾಂತ್ರಿಕ ವಿಷಯ ಸಾರ್."

ಬಾವುಟ ಎತ್ತಿದವನನ್ನು ಕರೆಸಿದರು. ಅವನು ದೋಣಿಯಣ್ಣ. ಕಣಿವೆಯ ಆ ಕಡೆಯ ಗುಡಿಸಲಲ್ಲಿ ಇದ್ದುಕೊಂಡು ಬೆಳಿಗ್ಗೆ ತಂತಿ ಮೇಲೆ ಬಂದವರನ್ನು ಇಳಿಸುತ್ತಾನೆ, ಮಧ್ಯಾಹ್ನ ಈ ಕಡೆಯ ಕೆರೆಯಲ್ಲಿ ದೋಣಿ ನಡೆಸುತ್ತಾನೆ. ಆಚೆಯಿಂದ ಈಚೆಗೆ ಇಳಿಜಾರಾಗಿ ಬರುವ ಇನ್ನೊಂದು ಸಣ್ಣ ತಂತಿಯಿತ್ತು. ಆದರೂ ಇವತ್ತು ತಂತಿ ಮುಟ್ಟಲಾರೆನೆಂದು ಕಣಿವೆ ಇಳಿದು ಹತ್ತಿ ನಡೆದೇ ಬಂದಿದ್ದ. ಬೆವರಿ ನೀರಾಗಿದ್ದ.

"ಬ್ರೇಕ್ ಇಲ್ಲದೆ ಯಾಕೆ ಹಸಿರು ಬಾವುಟ ಎತ್ತಿದೆ?"

"ಮೊದಲನೇ ಸವಾರಿಗೆ ಯಾವತ್ತೂ ಬ್ರೇಕ್ ಇರಲ್ಲ ಸಾರ್. ಬ್ರೇಕ್ ತರೋದೇ ಮೊದಲನೇ ಸವಾರಿ."

"ಅರ್ಥವಾಗೋ ಹಾಗೆ ಹೇಳು."

ಅವನು ಮೇಜಿನ ಮೇಲೆ ಎರಡು ಲೋಟ ಇಟ್ಟು, ನಡುವೆ ಕೈಯೆಳೆದು ತೋರಿಸಿದ. ಬ್ರೇಕ್ ಎಂದರೆ ಒಳಗೆ ರಬ್ಬರ್ ಹೊದಿಸಿದ, ಎರಡು ಹೋಳಿನ ಮರದ ತುಂಡು. ತಂತಿಗೆ ಕಚ್ಚಿಸಿ ಬೋಲ್ಟ್ ಬಿಗಿದು, ಅದರ ಹಗ್ಗವನ್ನು ಇವನು ಹಿಡಿಯುತ್ತಾನೆ. ಬಂದವರ ರಾಟೆ ಅದಕ್ಕೆ ತಗುಲಿ ನಿಧಾನವಾಗುತ್ತದೆ. ಆ ಕಡೆ ಬಿಟ್ಟರೆ ಕೋತಿಗಳು ರಬ್ಬರ್ ಕಿತ್ತುಹಾಕುತ್ತವೆ. ಹಾಗಾಗಿ ಸಂಜೆ ಬಿಚ್ಚಿ ಈ ಕಡೆ ಉಗ್ರಾಣಕ್ಕೆ ತಂದು ಬೀಗ ಹಾಕುತ್ತಾರೆ. ಬೆಳಿಗ್ಗೆ ಅಳಿಲು ಅದನ್ನು ಬೆನ್ನಿಗೆ ಕಟ್ಟಿಕೊಂಡು ಮೊದಲು ಬರುತ್ತಾಳೆ. ಅವಳಿಗೆ ಬ್ರೇಕ್ ಇಲ್ಲ. ಚರ್ಮದ ಕೈಗವಸಿನಲ್ಲಿ ತಂತಿ ಹಿಡಿದು ವೇಗ ತಗ್ಗಿಸಿ, ಕೊನೆಗೆ ಕಾಲು ಚಾಚಿ ಟೈರಿಗೆ ಒದ್ದು ನಿಲ್ಲುತ್ತಾಳೆ. ಆಮೇಲೆ ಬ್ರೇಕ್ ಬಿಗಿಯುತ್ತಾಳೆ. ಆಮೇಲೆ ಜನ.

"ಬೆಳಿಗ್ಗೆ ಮೊದಲು ಹೊರಟಿದ್ದು ಅವಳೇ ಅಂದ್ಕೊಂಡೆ ಸಾರ್. ಈ ಮೂರು ವರ್ಷದಲ್ಲಿ ಬೇರೆ ಯಾರೂ ಮೊದಲು ಬಂದಿಲ್ಲ. ಹತ್ತಿರ ಬರ್ತಾ ಬರ್ತಾ, ಇದೇನು ಇವಳು ಇಷ್ಟು ದಪ್ಪ ಆಗಿದಾಳೆ ಅನ್ನಿಸ್ತು. ಅಷ್ಟರಲ್ಲಿ ಆಗಿಹೋಗಿತ್ತು." ಅವನು ಲೋಟಗಳನ್ನು ಹತ್ತಿರಕ್ಕೆ ಸರಿಸಿ, ಮತ್ತೆ ದೂರಕ್ಕಿಟ್ಟ.

"ಕೋತಿ ಕಾಟ ಅಂದ್ರೆ ಆ ಕಡೆ ಒಂದು ಬೀಗದ ಪೆಟ್ಟಿಗೆ ಇಡಬಹುದಿತ್ತಲ್ಲ?"

"ಇಡಿಸ್ತೀನಿ ಅಂತ ಸಾಹುಕಾರ್ರು ಹೇಳ್ತಾನೇ ಇದಾರೆ. ಆದ್ರೆ ಬೆಳಿಗ್ಗೆ ಅವಳು ಒಬ್ಬಳೇ ಹಾರೋದನ್ನ ನೋಡಕ್ಕೆ ಜನ ಸೇರ್ತಾರೆ, ಚಪ್ಪಾಳೆ ಹೊಡೀತಾರೆ. ಸಾಹುಕಾರ್ರಿಗೆ ಅದು ಇಷ್ಟ."

ಇನ್‌ಸ್ಪೆಕ್ಟರ್ ಹೆಡ್ ಕಾನ್‌ಸ್ಟೇಬಲ್ ಕಡೆ ತಿರುಗಿದರು. "ಬರ್ಕೊಳ್ಳಿ. ಒಂದು ಪೆಟ್ಟಿಗೆ ಇಟ್ಟಿದ್ರೆ ನಾನು, ನೀವು, ಆ ಮೇಷ್ಟ್ರು ಮೂರೂ ಜನ ಈಗ ಮನೇಲಿ ಊಟ ಮಾಡ್ತಿದ್ವಿ."

"ಅದನ್ನೂ ಬರೀಬೇಕಾ ಸಾರ್?"

"ಬೇಡ ಬಿಡಿ."

ಅಳಿಲು ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತಿದ್ದಳು. ಇಪ್ಪತ್ತೈದರ ಆಸುಪಾಸು, ಸಣ್ಣ ಮೈಕಟ್ಟು, ಹಗ್ಗ ಹಿಡಿದು ಒರಟಾದ ಅಂಗೈ. ಮುಖ ಬಿಳಿಚಿತ್ತು. ಮಹಿಳಾ ಕಾನ್‌ಸ್ಟೇಬಲ್ ನೀರು ಕೊಟ್ಟರೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಬೆಳಿಗ್ಗೆ ಎಲ್ಲಿ ಹೋಗಿದ್ದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಬ್ರೇಕ್ ಹುಡುಕ್ತಿದ್ದೆ. ಉಗ್ರಾಣದಲ್ಲಿರಲಿಲ್ಲ. ಯಾರೂ ಹತ್ತಬೇಡಿ, ಬರ್ತೀನಿ ಅಂತ ಸಾಲಲ್ಲಿದ್ದವರಿಗೆ ಹೇಳಿ ಹೋದೆ. ಕೇಳಿ ಬೇಕಾದ್ರೆ."

"ಉಗ್ರಾಣದ ಬೀಗ ಮುರಿದಿಲ್ಲ. ಕೀಲಿ ಯಾರ ಹತ್ರ?"

"ಒಂದು ಸಾಹುಕಾರ್ರ ಹತ್ರ. ಒಂದು ನನ್ನ ಹತ್ರ. ಮನೇಲಿ ಮೊಳೆಗೆ ನೇತುಹಾಕಿರ್ತೀನಿ."

"ಮನೇಲಿ ಯಾರ್ಯಾರು ಇರ್ತೀರಿ?"

"ನಾನು, ಅಮ್ಮ. ನಮ್ಮೆಜಮಾನ್ರು ಲಾರಿ ಓಡಿಸ್ತಾರೆ, ಬರೋದು ಅಪರೂಪ. ಅಮ್ಮ ಇಲ್ಲೇ ಹಾಸಿಗೆ ಬಟ್ಟೆ ನೋಡ್ಕೋತಾಳೆ. ಈಗ ಮೇಷ್ಟ್ರ ಜೊತೆ ಆಸ್ಪತ್ರೆಗೆ ಹೋಗಿದಾಳೆ."

ಮಾಲೀಕ ದೂರದಿಂದಲೇ ಕೂಗಿದ. "ಅವಳೇ ಬಚ್ಚಿಟ್ಟಿರೋದು ಸಾರ್. ಹೋದ ವಾರ ನನ್ನ ಹತ್ರ ಬಂದು, ಸ್ವಲ್ಪ ದಿನ ಮೊದಲನೇ ಸವಾರಿ ಬೇರೆಯವರಿಗೆ ಕೊಡಿ ಅಂದಳು. ಯಾಕೆ ಅಂದ್ರೆ ಬಾಯಿ ಬಿಡಲಿಲ್ಲ. ಆಗಲ್ಲ ಅಂದೆ. ಆ ಸಿಟ್ಟಿಗೆ ಮಾಡಿದಾಳೆ."

"ಕೇಳಿದ್ದು ನಿಜವಾ?"

ಅಳಿಲು ತಲೆಯಾಡಿಸಿದಳು.

"ಯಾಕೆ?"

"ಸುಸ್ತಾಗಿತ್ತು."

"ಅಷ್ಟೇನಾ?"

ಬರುವ ವಾರ ಅವಳಿಗೆ ಮುಖ್ಯ ತರಬೇತುದಾರರ ಪರೀಕ್ಷೆ ಇತ್ತೆಂದು ಅಡುಗೆಯವನು ಹೇಳಿದ. ಅದು ಪಾಸಾದರೆ ಈ ಲಾಡ್ಜಿನ ಹಂಗು ಬೇಡ, ಎಲ್ಲಿ ಬೇಕಾದರೂ ಕಲಿಸಬಹುದು. ಮೇಲೆ ಒಂದು ಕೇಸು ಬಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಮೂರು ವರ್ಷದಿಂದ ಅದಕ್ಕೇ ಕಾದಿದ್ದಾಳೆ ಪಾಪ, ಎಂದ.

ಶೋಧ ಶುರುವಾಯಿತು. ಉಗ್ರಾಣ, ಕೆಲಸದವರ ಮನೆಗಳು, ದೋಣಿ ಕೊಟ್ಟಿಗೆ. ಅತಿಥಿಗಳ ಕೋಣೆಗಳಲ್ಲಿ ಸಿಕ್ಕಿದ್ದು ಲಾಡ್ಜಿನ ಹದಿನಾಲ್ಕು ಟವೆಲುಗಳು ಮಾತ್ರ, ಎಲ್ಲವೂ ಅತಿಥಿಗಳ ಚೀಲದೊಳಗೆ. "ಇದಕ್ಕೂ ಕೇಸ್ ಹಾಕಲಾ ಸಾರ್?" ಎಂದು ಹೆಡ್ ಕಾನ್‌ಸ್ಟೇಬಲ್ ಕೇಳಿದಾಗ ಇನ್‌ಸ್ಪೆಕ್ಟರ್ ಕೈಯಾಡಿಸಿ ಮುಂದೆ ಹೋದರು. ಹಾಸಿಗೆ ಬಟ್ಟೆಯ ಕೋಣೆಗೆ ಬೀಗವಿತ್ತು. ಅದರ ಕೀಲಿ ಒಂದೇ, ಅದು ಎಲ್ಲರೂ ಹಾಸಿಗೆಯಮ್ಮ ಎನ್ನುವ ಅಳಿಲಿನ ಅಮ್ಮನ ಸೆರಗಿನಲ್ಲಿ. ಪಂಚರ ಎದುರಿಗೆ ಬೀಗ ಒಡೆಸಿದರು.

ಒಳಗೆ ಒಗೆದ ಬಟ್ಟೆಯ ವಾಸನೆ. ಗೋಡೆಯುದ್ದಕ್ಕೂ ಮಡಿಸಿಟ್ಟ ಚಾದರ, ರಗ್ಗು. ಒಂದರ ಅಂಚೂ ಇನ್ನೊಂದರಿಂದ ಹೊರಚಾಚಿರಲಿಲ್ಲ. ಮೂಲೆಯ ತಗಡಿನ ಪೆಟ್ಟಿಗೆಯಲ್ಲಿ, ದಿಂಬಿನ ಚೀಲಗಳ ಅಡಿಯಲ್ಲಿ, ಮಹಿಳಾ ಕಾನ್‌ಸ್ಟೇಬಲ್ ಕೈಗೆ ಗಟ್ಟಿಯಾದದ್ದೊಂದು ತಗುಲಿತು. ತೆಗೆದು ಬಿಚ್ಚಿದಳು. ಮೊದಲು ಪ್ಲಾಸ್ಟಿಕ್ ಹಾಳೆ, ಅದರೊಳಗೆ ಮೆತ್ತನೆಯ ಒಣ ಟವೆಲು, ಟವೆಲಿನೊಳಗೆ ಬ್ರೇಕಿನ ಎರಡು ಹೋಳು. ಬೋಲ್ಟುಗಳನ್ನು ಬೇರೆಯೇ ಒಂದು ಸಣ್ಣ ಬಟ್ಟೆಯಲ್ಲಿ ಗಂಟು ಕಟ್ಟಲಾಗಿತ್ತು.

"ಕದ್ದೋರು ಇಷ್ಟು ಜೋಪಾನ ಮಾಡಲ್ಲ ಸಾರ್" ಎಂದಳು. "ಇದು ಎಳೇ ಮಗೂನ ಸುತ್ತಿದ ಹಾಗಿದೆ."

ಬಾಗಿಲಲ್ಲಿ ನಿಂತಿದ್ದ ಅಳಿಲು ಆ ಟವೆಲನ್ನು ನೋಡಿದಳು. ಅವಳ ಮುಖದಲ್ಲಿ ಮೊದಲು ಬಂದದ್ದು ಆಶ್ಚರ್ಯ. ಆಮೇಲೆ ಹೆದರಿಕೆ.

"ನಾನೇ ಇಟ್ಟಿದ್ದು" ಎಂದಳು.

ಇನ್‌ಸ್ಪೆಕ್ಟರ್ ಕಣ್ಣು ಮುಚ್ಚಿ ತೆರೆದರು. "ಯಾವಾಗ?"

"ನಿನ್ನೆ ರಾತ್ರಿ."

"ಕೀಲಿ ನಿಮ್ಮಮ್ಮನ ಸೆರಗಲ್ಲಿತ್ತಲ್ಲ."

"ಅವಳು ಮಲಗಿದಾಗ ಬಿಚ್ಕೊಂಡೆ."

"ಬೋಲ್ಟ್ ಯಾವುದರಲ್ಲಿ ಕಟ್ಟಿದ್ದೆ?"

ಅವಳಿದ್ದ ಕಡೆಯಿಂದ ಅದು ಕಾಣುತ್ತಿರಲಿಲ್ಲ. "ಕಾಗದದಲ್ಲಿ" ಎಂದಳು.

"ನೋಡಮ್ಮ. ನಾವು ಬಂದಾಗಿಂದ ಇಲ್ಲಿ ಮಾಡಿದೋನು ನಾನಲ್ಲ ಅಂತಾನೆ, ಮಾಡದೋಳು ನಾನೇ ಅಂತಾಳೆ. ನಿಜ ಹೇಳಿದ್ದು ಆ ದೋಣಿಯವನೊಬ್ಬನೇ. ನೀನೇ ಬಚ್ಚಿಟ್ಟಿದ್ರೆ ಬೆಳಿಗ್ಗೆ ಅಡುಗೆಯವನ ಹಾಸಿಗೆ ಕೆಳಗೆಲ್ಲ ಯಾಕೆ ಹುಡುಕಿದೆ? ಅವನು ಇನ್ನೂ ಗೊಣಗ್ತಿದಾನೆ."

ಅಳಿಲು ಏನೋ ಹೇಳಲು ಹೊರಟವಳು ಬಾಯಿಗೆ ಕೈ ಒತ್ತಿಕೊಂಡು ಹಿಂದಕ್ಕೆ ಓಡಿದಳು. ಒಗೆಯುವ ಕಲ್ಲಿನ ಬಳಿ ಬಗ್ಗಿ ವಾಂತಿ ಮಾಡಿದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರಿಯ ನೀರು. ಮಹಿಳಾ ಕಾನ್‌ಸ್ಟೇಬಲ್ ಹಿಂದಿನಿಂದ ಬಂದು ಅವಳ ಹಣೆ ಹಿಡಿದುಕೊಂಡಳು. ಅವಳಿಗೆ ಎರಡು ಮಕ್ಕಳು.

"ಎಷ್ಟು ತಿಂಗಳು?" ಎಂದು ಮೆಲ್ಲಗೆ ಕೇಳಿದಳು.

ಅಳಿಲು ಕಲ್ಲಿನ ಅಂಚು ಹಿಡಿದುಕೊಂಡಳು. "ಮೂರು ತುಂಬಲಿಲ್ಲ. ಯಾರಿಗೂ ಹೇಳಬೇಡಿ ಅಕ್ಕಾ. ಗೊತ್ತಾದ್ರೆ ಅವತ್ತೇ ಹಾರೋದು ಬಿಡಿಸ್ತಾರೆ. ಪರೀಕ್ಷೆಗೂ ಬಿಡಲ್ಲ."

"ಆ ಟೈರಿಗೆ ದಿನಾ ಹೋಗಿ ಗುದ್ದಿಕೊಳ್ತಿದ್ದೀಯಲ್ಲೇ ಮಾರಾಯ್ತಿ."

"ಗುದ್ದಲ್ಲ. ಕಾಲು ಕೊಡ್ತೀನಿ. ನಂಗೆ ಗೊತ್ತು ಹೇಗೆ ಅಂತ." ಅವಳು ಮುಖ ತೊಳೆದುಕೊಂಡಳು. "ಮೊನ್ನೆ ಒಂದು ಸಲ ಮಾತ್ರ ಜಾರಿ ಪಕ್ಕಕ್ಕೆ ತಾಗಿತು."

"ನಿಮ್ಮಮ್ಮನಿಗೆ ಗೊತ್ತಾ?"

"ನಾನು ಹೇಳಲಿಲ್ಲ. ಅವಳಿಗೆ ಹೇಳಬೇಕಾ?"

"ನಮ್ಮ ಸಾಹೇಬ್ರಿಗೆ ಮಾತ್ರ ಹೇಳಲೇಬೇಕು ಪುಟ್ಟಿ. ಇಲ್ಲದಿದ್ರೆ ನಿನ್ನನ್ನೇ ಕರ್ಕೊಂಡು ಹೋಗ್ತಾರೆ."

ಬ್ರೇಕು, ಟವೆಲು, ಪ್ಲಾಸ್ಟಿಕ್ ಎಲ್ಲವನ್ನೂ ಪಂಚನಾಮೆ ಮಾಡಿ ವಶಕ್ಕೆ ತೆಗೆದುಕೊಂಡು ಮೊಹರು ಹಾಕಿದರು. ಮಾಲೀಕನನ್ನು ನಿರ್ಲಕ್ಷ್ಯದ ಆರೋಪದ ಮೇಲೆ ದಸ್ತಗಿರಿ ಮಾಡಿ ಜೀಪು ಹತ್ತಿಸಿದರು. ಬೆಲ್ಟ್ ಇಲ್ಲದ ಸೀಟಿನಲ್ಲಿ ಕೂರುವುದು ಅಪಾಯವೆಂದು ಅವನು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ. ಅಳಿಲು ಹೆಡ್ ಕಾನ್‌ಸ್ಟೇಬಲ್ ಪಕ್ಕದಲ್ಲಿ ಕೂತಿದ್ದಳು.

ಐದು ಗಂಟೆಗೆ ಇನ್‌ಸ್ಪೆಕ್ಟರ್ ಮಹಿಳಾ ಕಾನ್‌ಸ್ಟೇಬಲ್ ಜೊತೆ ಆಸ್ಪತ್ರೆಗೆ ಹೋದರು. ಉಳಿದವರನ್ನು ಠಾಣೆಗೆ ಕಳಿಸಿದ್ದರು. ಮೇಷ್ಟ್ರ ಆಪರೇಷನ್ ಮುಗಿದಿತ್ತು. ಕಾಲು ಉಳಿಯುತ್ತದೆ, ಕುಂಟು ಉಳಿಯುತ್ತದೋ ಇಲ್ಲವೋ ಈಗಲೇ ಹೇಳಲಾಗದು, ಎಂದರು ಡಾಕ್ಟರು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಮೇಷ್ಟ್ರ ಹೆಂಡತಿ ಒಬ್ಬ ವಯಸ್ಸಾದ ಹೆಂಗಸಿನ ಹೆಗಲಿಗೆ ತಲೆಯಿಟ್ಟು ನಿದ್ದೆಹೋಗಿದ್ದಳು. ಆ ಹೆಂಗಸಿನ ಸೀರೆಯ ಮಡಿಲಿಡೀ ಒಣಗಿದ ರಕ್ತದ ಕಲೆ. ಅವಳು ಕದಲದೆ ಕೂತಿದ್ದಳು. ಪೊಲೀಸರನ್ನು ಕಂಡು, ಎಬ್ಬಿಸಬೇಡಿ ಎನ್ನುವಂತೆ ಕೈಸನ್ನೆ ಮಾಡಿದಳು.

"ಬೆಳಿಗ್ಗೆಯಿಂದ ಈಗ ಕಣ್ಣು ಮುಚ್ಚಿದಾಳೆ" ಎಂದಳು ಪಿಸುಮಾತಿನಲ್ಲಿ.

"ಹಾಸಿಗೆ ಬಟ್ಟೆ ನೋಡ್ಕೊಳ್ಳೋರು ನೀವೇನಾ?"

"ಹೌದು. ನನ್ನ ಮಗಳು ಏನಾದ್ರೂ ತಿಂದಳಾ?"

"ಟವೆಲಲ್ಲಿ ಸುತ್ತಿದ್ದು ಸಿಕ್ಕಿತು."

ಅವಳು ಸೆರಗಿನ ಕೀಲಿ ಗಂಟನ್ನು ಒಮ್ಮೆ ಮುಟ್ಟಿಕೊಂಡಳು. "ಬೀಗ ಒಡೆದ್ರಾ?"

"ಒಡೆದ್ವಿ."

"ನಾನೇ ಬಂದು ಹೇಳಬೇಕು ಅಂತಿದ್ದೆ. ಇವಳನ್ನ ಒಬ್ಬಳೇ ಬಿಟ್ಟು ಎದ್ದು ಬರಕ್ಕಾಗಲಿಲ್ಲ. ಹೇಳಕ್ಕೆ ಧೈರ್ಯವೂ ಬರಲಿಲ್ಲ. ಇವಳು ನನ್ನ ಕೈ ಹಿಡ್ಕೊಂಡು, ನೀವಿಲ್ಲದಿದ್ರೆ ಏನು ಮಾಡ್ತಿದ್ನೋ ಅಂತಿದ್ದಳು."

"ಯಾಕೆ ತೆಗೆದಿರಿ?"

"ಮೊನ್ನೆ ರಾತ್ರಿ ಸ್ನಾನಕ್ಕೆ ನೀರು ಹಾಕುವಾಗ ನೋಡಿದೆ. ಮಗಳ ಪಕ್ಕೆಲಿ ಇಷ್ಟಗಲ ನೀಲಿಗಟ್ಟಿತ್ತು. ನಗ್ತಾ, ಕಾಲು ಜಾರಿತಮ್ಮ ಅಂದಳು. ಅವಳು ಹೇಳಲಿಲ್ಲ, ಆದ್ರೆ ನಂಗೆ ಗೊತ್ತಿಲ್ಲವಾ? ಬೆಳಿಗ್ಗೆ ಒಗ್ಗರಣೆ ಹಾಕಿದ್ರೆ ಮೂಗು ಮುಚ್ಚಿ ಆಚೆ ಹೋಗ್ತಾಳೆ, ಮುಟ್ಟು ತಪ್ಪಿದ್ದು ಲೆಕ್ಕ ಇಲ್ಲವಾ? ಬಿಡೇ, ಸ್ವಲ್ಪ ದಿನ ಕೂತ್ಕೊಳ್ಳೇ ಅಂದ್ರೆ, ಪರೀಕ್ಷೆ ಆಗಲಿ ಅಂತಾಳೆ. ಸಾಹುಕಾರ್ರಿಗೆ ನಾನು ಹೇಳಿಬಿಟ್ರೆ ಜನ್ಮದಲ್ಲಿ ನನ್ನ ಜೊತೆ ಮಾತಾಡಲ್ಲ."

"ಬ್ರೇಕ್ ಇಲ್ಲದೆ ಜನ ಹೋದ್ರೆ ಏನಾಗುತ್ತೆ ಅಂತ ಯೋಚನೆ ಬರಲಿಲ್ವಾ?"

"ಹೋಗ್ತಾರೆ ಅಂತಲೇ ಅನ್ಕೊಳ್ಳಲಿಲ್ಲ. ಅವಳು ಮನೇಲಿ ದಿನಾ ಅದನ್ನೇ ಹೇಳೋಳು, ಬ್ರೇಕ್ ನಾನು ಕೈಯಾರೆ ಬಿಗಿಯದೆ ಒಂದು ನರಪಿಳ್ಳೆನೂ ಬಿಡಲ್ಲಮ್ಮ ಅಂತ. ಅದಿಲ್ಲದಿದ್ರೆ ಅವತ್ತು ತಂತಿ ಬಂದ್ ಅಂದ್ಕೊಂಡೆ. ನಿನ್ನೆ ರಾತ್ರಿ ಮೊಳೆಯಲ್ಲಿದ್ದ ಅವಳ ಕೀಲಿ ತಗೊಂಡು ಹೋಗಿ ತಂದೆ. ಒಂದು ದಿನ ಹುಡುಕಲಿ, ಸಿಟ್ಟು ಮಾಡ್ಕೊಳ್ಳಲಿ, ಮಲಗಲಿ. ಸಾಯಂಕಾಲ ಇದ್ದ ಜಾಗದಲ್ಲೇ ಇಟ್ಟುಬಿಡ್ತಿದ್ದೆ. ಒದ್ದೆಯಾದ್ರೆ ಕೆಟ್ಟುಹೋಗುತ್ತೆ ಅಂತಾಳೆ, ಅದಕ್ಕೇ ಸುತ್ತಿಟ್ಟೆ. ಅವಳು ಬಿಡಲ್ಲ ಅಂತ ಗೊತ್ತಿತ್ತು. ಬೇರೆಯವರು ಬಿಡ್ತಾರೆ ಅಂತ ಹೊಳೆಯಲೇ ಇಲ್ಲ."

ಮೇಷ್ಟ್ರ ಹೆಂಡತಿ ಯಾವಾಗ ಎಚ್ಚರಾದಳೋ ಯಾರೂ ಗಮನಿಸಿರಲಿಲ್ಲ. ಅವಳು ತಲೆ ಎತ್ತಿದಳು. ಎದ್ದು, ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತಳು. ಹಾಸಿಗೆಯಮ್ಮ ಅವಳ ಕಡೆ ತಿರುಗಿ ಕೈ ಮುಗಿದಳು. ಅವಳು ನೋಡಲಿಲ್ಲ. ಗೋಡೆಯ ಕಡೆಗೇ ಮುಖ ಮಾಡಿ, "ಕರ್ಕೊಂಡು ಹೋಗಿ ಸಾರ್" ಎಂದಳು. ಹಾಸಿಗೆಯಮ್ಮ ನಾಲ್ಕು ಹೆಜ್ಜೆ ನಡೆದ ಮೇಲೆ, ಅದೇ ದನಿಯಲ್ಲಿ, "ಅವರೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ" ಎಂದಳು.

ಮೇಷ್ಟ್ರು ಅರೆ ಎಚ್ಚರದಲ್ಲಿದ್ದರು. ಹೇಳಿಕೆ ಎರಡೇ ಸಾಲು: ತಮಗೆ ಇಷ್ಟವಿರಲಿಲ್ಲ, ಹಿಂದಿನಿಂದ ದಬ್ಬಿದರು.

ಆರೂವರೆಗೆ ಠಾಣೆಯಲ್ಲಿ ಹಾಸಿಗೆಯಮ್ಮನ ದಸ್ತಗಿರಿ ದಾಖಲಾಯಿತು. ಮಹಿಳಾ ಕಾನ್‌ಸ್ಟೇಬಲ್ ಎರಡು ಪೊಟ್ಟಣ ಊಟ ತರಿಸಿದ್ದಳು. ಬೆಂಚಿನ ಮೇಲೆ ಕಾಯುತ್ತಿದ್ದ ಅಳಿಲು ಅಮ್ಮನನ್ನು ಕಂಡದ್ದೇ ಎದ್ದು ನಿಂತಳು.

"ಯಾರು ಕೇಳಿದ್ರು ನಿನ್ನ?"

ಅಮ್ಮ ಬಂದು ಬೆಂಚಿನ ಪಕ್ಕ ನಿಂತಳು.

"ನಿನ್ನ ಮಗಳು ತಂತಿ ಮೇಲೆ ಹಾರಿ ಬದುಕ್ತಾಳೆ, ನಿಂಗೆ ಅದು ಅರ್ಥವಾಗಲ್ಲ. ನಾನು ಎಷ್ಟು ಹುಷಾರಾಗಿರ್ತೀನಿ ಅಂತ ನಿಂಗೆ ಗೊತ್ತೇ ಇಲ್ಲ. ಒಬ್ಬ ಮನುಷ್ಯನ ಕಾಲು ಮುರೀತಲ್ಲಮ್ಮ. ನೀನು ಜೈಲಿಗೆ ಹೋಗ್ತೀಯ. ನಾನು ಏನು ಮಾಡ್ಲಿ ಈಗ?"

"ಕೂತ್ಕೋ. ನಿಂತು ಕೂಗಾಡಬೇಡ, ತಲೆ ಸುತ್ತುತ್ತೆ."

"ನಂಗೆ ಏನೂ ಸುತ್ತಲ್ಲ."

"ಸರಿ. ನಂಗೆ ಸುತ್ತುತ್ತೆ. ಕೂತ್ಕೋ."

ಇಬ್ಬರೂ ಕೂತರು. ಅಮ್ಮ ಒಂದು ಪೊಟ್ಟಣ ಬಿಚ್ಚಿ ಮಗಳ ಮುಂದೆ ಸರಿಸಿದಳು. ಅಳಿಲು ಅದನ್ನು ಹಿಂದಕ್ಕೆ ತಳ್ಳಿದಳು. ಅಮ್ಮ ಮತ್ತೆ ಸರಿಸಿದಳು. ಮೂರನೆಯ ಸಲಕ್ಕೆ ಅಳಿಲು ಒಂದು ತುತ್ತು ಬಾಯಿಗಿಟ್ಟು, ಅಗಿಯುತ್ತಲೇ ಅಳತೊಡಗಿದಳು.

ಇನ್‌ಸ್ಪೆಕ್ಟರ್ ಒಳಗೆ ಕೇಸ್ ಡೈರಿ ಬರೆಯುತ್ತಿದ್ದರು. ಮಾಲೀಕ ಕಂಬಿಯ ಹಿಂದಿನಿಂದ ಸೊಳ್ಳೆ ಬತ್ತಿ ಕೇಳುತ್ತಿದ್ದ. ಹೆಡ್ ಕಾನ್‌ಸ್ಟೇಬಲ್ ಬಂದು ನಿಂತರು.

"ಆ ಹುಡುಗೀನ ಏನು ಮಾಡೋದು ಸಾರ್?"

"ಸಾಕ್ಷಿ. ಹೇಳಿಕೆ ತಗೊಂಡು ಕಳಿಸಿ. ಆರೋಪಿಗಳಲ್ಲಿ ಅವಳ ಹೆಸರಿಲ್ಲ ಅಂತ ಒಂದು ಪತ್ರ ಕೊಡಿ, ಪರೀಕ್ಷೆಯವರು ಕೇಳಿದ್ರೆ ತೋರಿಸಲಿ."

"ಮತ್ತೆ ಅಮ್ಮ ಮಾಡಿದ್ದು ಯಾಕೆ ಅಂತ ಬರೀಬೇಕಲ್ಲ ಸಾರ್. ಬಸುರಿ ವಿಷಯ ಬರೆದ್ರೆ ಪರೀಕ್ಷೆಯವರಿಗೂ ಗೊತ್ತಾಗುತ್ತೆ."

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದರು. ಅವಳು ಹಾರುತ್ತಾಳೋ ಬಿಡುತ್ತಾಳೋ ಅದು ತಾಯಿ ಮಗಳಿಗೆ ಬಿಟ್ಟದ್ದು, ಪೊಲೀಸರಿಗಲ್ಲ. ಉಳಿದದ್ದು ಕೋರ್ಟಿನಲ್ಲಿ ಕೇಳಿದಾಗ ಹೇಳಿದರಾಯಿತು. ಅಪರಾಧದ ಉದ್ದೇಶ ಎಂಬಲ್ಲಿ ಅವರು ಬರೆದರು: ಮಗಳು ಒಂದು ದಿನ ನೆಲದ ಮೇಲೆ ಇರಲಿ ಎಂದು.